ಅಡಿಕೆ ಹಂಗಾಮು ಮತ್ತು ಕ್ರೆಡಿಟ್ ಕಾರ್ಡಿನ ಬೋನಸ್

ಅಂಗಳದಲ್ಲಿ ಅಡಿಕೆ ಹರವಿಟ್ಟು, ಈ ಬಿಸಿಲಿನಲ್ಲಿ ಪೆರ್ಲ, ನೀರ್ಚಾಲಿನಿಂದ ಬದಿಯಡ್ಕದವರೆಗೆ ಬಂದಿದ್ದೀರಿ. ಎಲ್ಲರಿಗೂ ನಮಸ್ಕಾರ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನ ಒಳಗೆ ಕುಳಿತವನು ನಾನು. ಹಾಗಾಗಿ ಲೆಕ್ಕದಿಂದಲೇ ಮಾತು ಆರಂಭಿಸುತ್ತೇನೆ.

ಕಳೆದ ವರ್ಷ ನೆರೆಮನೆಯ ಕೃಷಿಕರೊಬ್ಬರು ಹೊಸ ಕ್ರೆಡಿಟ್ ಕಾರ್ಡೊಂದರ ಕಾಗದ ಹಿಡಿದುಕೊಂಡು ಬಂದರು. ಮೇಲೆ ದಪ್ಪಕ್ಷರದಲ್ಲಿ 4,000 ಸ್ವಾಗತ ಪಾಯಿಂಟ್, ಅಂದರೆ ಹೊಸದಾಗಿ ಕಾರ್ಡ್ ಪಡೆದವರಿಗೆ ಕೊಡುವ ಬೋನಸ್. ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನ ಷರತ್ತುಗಳು. "ಅಣ್ಣಾ, ಇದರಿಂದ ನನಗೆ ಎಷ್ಟು ರೂಪಾಯಿ ಸಿಗುತ್ತದೆ? ಅಷ್ಟು ಹೇಳಿ ಸಾಕು" ಎಂದರು. ಜಗಲಿಯಲ್ಲಿ ಕುಳಿತು ಓದಿದೆವು. ಒಂದು ಪಾಯಿಂಟಿಗೆ 25 ಪೈಸೆ, ಅಂದರೆ 4,000ಕ್ಕೆ 1,000 ರೂಪಾಯಿ. ಕಾರ್ಡಿನ ಪ್ರವೇಶ ಶುಲ್ಕ 1,000, ಶೇ. 18 ಜಿಎಸ್‌ಟಿ ಸೇರಿದರೆ 1,180. ಪಾಯಿಂಟ್ ಸಿಗಬೇಕಾದರೆ 90 ದಿನಗಳೊಳಗೆ 60,000 ರೂಪಾಯಿ ಖರ್ಚು ಮಾಡಬೇಕು. ಅಷ್ಟೆಲ್ಲ ಮಾಡಿದ ಮೇಲೂ 180 ರೂಪಾಯಿ ನಷ್ಟ. ಈ ಕಾರ್ಡ್ ಬೇಡ ಎಂದೆ.

ಹಾಗೆಂದು ಬೋನಸ್ಸೇ ಬೇಡ ಎನ್ನುವವನಲ್ಲ ನಾನು. ಪ್ರವೇಶ ಶುಲ್ಕವಿಲ್ಲದ ಇನ್ನೊಂದು ಕಾರ್ಡನ್ನು ಅವರು ಮೇ ತಿಂಗಳಿನಲ್ಲಿ ಪಡೆದರು. ಆ ತಿಂಗಳನ್ನು ಆರಿಸಿದ್ದೇ ಜಾಣತನ. ಮಕ್ಕಳ ಪುಸ್ತಕ, ಸಮವಸ್ತ್ರ, ಮಳೆಗಾಲದ ದಿನಸಿ, ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತು, ಗೊಬ್ಬರ, ಜೀಪಿನ ವಿಮೆ, ಇವೆಲ್ಲ ಮೇ-ಜೂನ್‌ನಲ್ಲಿ ಹೇಗೂ ಬರುವ ಖರ್ಚುಗಳು. ಹೇಗೂ ಬರುವ ಖರ್ಚಿನಿಂದಲೇ ಬ್ಯಾಂಕು ಹೇಳಿದ ಖರ್ಚಿನ ಗುರಿ ತುಂಬಿದರೆ ಬೋನಸ್ ನಿಜವಾದ ಲಾಭ. ಗುರಿ ತುಂಬಲೆಂದು ಮಂಗಳೂರಿಗೆ ಹೋಗಿ ಹೊಸ ಟಿವಿ ತಂದರೆ ಅದು ಲಾಭವಲ್ಲ. ಇನ್ನೊಂದು ಎಚ್ಚರ: ಅನೇಕ ಕಾರ್ಡುಗಳಲ್ಲಿ ದಿನಗಳ ಎಣಿಕೆ ಕಾರ್ಡ್ ಮಂಜೂರಾದ ದಿನದಿಂದಲೇ ಶುರುವಾಗುತ್ತದೆ. ನಮ್ಮ ಒಳಊರುಗಳಿಗೆ ಅಂಚೆ ತಲಪುವಷ್ಟರಲ್ಲಿ ಕೆಲವು ದಿನ ಕಳೆದಿರುತ್ತವೆ.

ಪೆಟ್ರೋಲ್, ಬಾಡಿಗೆ, ಮೊಬೈಲ್ ವ್ಯಾಲೆಟ್‌ಗೆ ಹಾಕಿದ ಹಣ ಹಲವು ಕಾರ್ಡುಗಳಲ್ಲಿ ಈ ಗುರಿಯ ಲೆಕ್ಕಕ್ಕೆ ಬರುವುದಿಲ್ಲ. ಗೊಬ್ಬರದ ಅಂಗಡಿಯಲ್ಲಿ ಸ್ವೈಪ್ ಯಂತ್ರ ಇಲ್ಲವಲ್ಲ ಎಂದು ನೀವು ಕೇಳಬಹುದು. ರುಪೇ ಕ್ರೆಡಿಟ್ ಕಾರ್ಡನ್ನು 2022ರಿಂದ ಯುಪಿಐಗೆ ಜೋಡಿಸಬಹುದು. ಅಂಗಡಿಯವರ ಕ್ಯೂಆರ್ ವ್ಯಾಪಾರಿ ಖಾತೆಯದ್ದಾಗಿದ್ದರೆ ಪಾವತಿ ನಡೆಯುತ್ತದೆ. ಆದರೆ ಯುಪಿಐ ಖರ್ಚಿಗೆ ಪಾಯಿಂಟ್ ಕೊಡದ ಅಥವಾ ಕಡಿಮೆ ಕೊಡುವ ಕಾರ್ಡುಗಳೂ ಇವೆ. ಮೊದಲೇ ಕೇಳಿಕೊಳ್ಳಿ.

ಈಗ ನನಗೆ ಅತ್ಯಂತ ಕಳವಳದ ವಿಷಯ. ದರ ಏರಲಿ ಎಂದು ಅಡಿಕೆಯನ್ನು ಅಟ್ಟದಲ್ಲಿಟ್ಟು ಕಾಯುವವರು ನಾವು. ಕಾರ್ಡಿನ ಬಿಲ್ಲಿಗೆ ಆ ತಾಳ್ಮೆ ಇಲ್ಲ. 60,000 ರೂಪಾಯಿಯ ಬಿಲ್ಲಿನಲ್ಲಿ ಕನಿಷ್ಠ ಮೊತ್ತ 3,000 ಎಂದಿರುತ್ತದೆ. ಅಷ್ಟು ಕಟ್ಟಿ ಅಡಿಕೆ ಮಾರುವವರೆಗೆ ನೋಡೋಣ ಎಂದುಕೊಂಡಿರಿ ಎನ್ನಿ. ಉಳಿದ 57,000ಕ್ಕೆ ತಿಂಗಳಿಗೆ ಶೇ. 3.5ರಂತೆ 1,995 ರೂಪಾಯಿ ಬಡ್ಡಿ, ಅದರ ಮೇಲೆ ಜಿಎಸ್‌ಟಿ 359. ಒಂದೇ ತಿಂಗಳಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು! ಮೇಲಾಗಿ, ಬಾಕಿ ಇರುವವರೆಗೆ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ. ಎಟಿಎಂನಿಂದ ತೆಗೆದ ನಗದಿಗಂತೂ ಬಡ್ಡಿರಹಿತ ದಿನಗಳೇ ಇಲ್ಲ. ಆದ್ದರಿಂದ ನನ್ನ ನೆರೆಯವರಿಗೆ ಎರಡು ಕ್ವಿಂಟಲ್ ಚಾಲಿಯನ್ನು (ಒಣಗಿಸಿ ಸುಲಿದ ಅಡಿಕೆಯನ್ನು) ಮೊದಲೇ ಮಾರಿಸಿ, ಆ ಹಣವನ್ನು ಉಳಿತಾಯ ಖಾತೆಯಲ್ಲಿ ಇಡಿಸಿದೆ. ಬಿಲ್ಲಿನ ಪೂರ್ತಿ ಮೊತ್ತ ಆ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಬರೆದುಕೊಟ್ಟೆವು. ಆ ಅರ್ಜಿಯಲ್ಲಿ 'ಕನಿಷ್ಠ ಮೊತ್ತ' ಎಂಬ ಇನ್ನೊಂದು ಚೌಕವೂ ಇತ್ತು. ಅಲ್ಲಿ ಗುರುತು ಹಾಕಬೇಡಿ.

ಷರತ್ತುಗಳು ಗ್ರಾಹಕರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿರಬೇಕು, ಇಂಗ್ಲಿಷ್, ಹಿಂದಿಯ ಜೊತೆ ಸ್ಥಳೀಯ ಭಾಷೆಯಲ್ಲೂ ಇದ್ದರೆ ಒಳ್ಳೆಯದು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳುತ್ತದೆ. ನಮ್ಮ ಕಾಸರಗೋಡಿನ ಸ್ಥಳೀಯ ಭಾಷೆ ಎಂದರೆ ಮಲಯಾಳ ಒಂದೇ ಅಲ್ಲ. ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ ಕನ್ನಡದಲ್ಲೇ ಓದಿ ಬೆಳೆದ ಮನೆಗಳು ಎಷ್ಟಿವೆ! ಶಾಖೆಗೆ ಹೋದಾಗ ಕನ್ನಡದಲ್ಲಿ ವಿವರಿಸಿ ಎಂದು ಸಂಕೋಚವಿಲ್ಲದೆ ಕೇಳಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ.

ಅದೇ ನಿರ್ದೇಶನದಲ್ಲಿ ಇನ್ನೊಂದು ಅನುಕೂಲವಿದೆ. ಬಾಕಿ ತೀರಿಸಿ ಕಾರ್ಡ್ ಮುಚ್ಚಿ ಎಂದು ಕೇಳಿಕೊಂಡರೆ ಬ್ಯಾಂಕು ಕೆಲಸದ ಏಳು ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ವಾರ್ಷಿಕ ಶುಲ್ಕ ಬೀಳುವ ತಿಂಗಳಿಗೆ ಮೊದಲೇ ಯೋಚಿಸಿ, ಉಳಿದ ಪಾಯಿಂಟುಗಳನ್ನು ಬಳಸಿಕೊಂಡು ಆಮೇಲೆ ಮುಚ್ಚಿಸಿ. ಬೋನಸ್ಸಿನ ಆಸೆಗೆ ಒಂದರ ಹಿಂದೊಂದು ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯೂ ನಿಮ್ಮ ಸಾಲದ ಇತಿಹಾಸದಲ್ಲಿ ದಾಖಲಾಗುತ್ತದೆ, ನಾಳೆ ಮನೆ ಸಾಲ ಕೇಳುವಾಗ ಅದನ್ನು ನೋಡುತ್ತಾರೆ.

ಬಿಲ್ ತಂದಿರುವವರು ಚಹಾ ಕುಡಿದು ಈ ಮೇಜಿನ ಹತ್ತಿರ ಬನ್ನಿ. ಕಾರ್ಡಿನ ಸಂಖ್ಯೆಯನ್ನು ಮುಚ್ಚಿ ತೋರಿಸಿ, ಒಟ್ಟಿಗೆ ಕುಳಿತು ಓದೋಣ.