ಲೆವೆಲ್ ಕ್ಯಾಪ್ ಯಾಕೆ ಬೇಕು

ಎಲ್ಲರಿಗೂ ನಮಸ್ಕಾರ.

ಹೊಸ ಆ್ಯಕ್ಷನ್ ಆರ್‌ಪಿಜಿ (ಒಂದು ಪಾತ್ರವನ್ನು ಬೆಳೆಸುತ್ತಾ ಹೊಡೆದಾಡುವ ವಿಡಿಯೋ ಗೇಮ್) ಬಂತು ಅಂದ ಕೂಡಲೇ ಆಡುವವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ಮ್ಯಾಕ್ಸ್ ಲೆವೆಲ್ ಎಷ್ಟು, ಅಂದರೆ ಪಾತ್ರ ಎಷ್ಟನೇ ಮೆಟ್ಟಿಲಿನ ತನಕ ಬೆಳೆಯಬಹುದು? ಈ ಮಿತಿಯೇ ಲೆವೆಲ್ ಕ್ಯಾಪ್. 50, 60, 99, 100 ಅಂತ ಏನೋ ಒಂದು ಉತ್ತರ ಬರುತ್ತದೆ. ಆ ಅಂಕಿ ಒಂದರಿಂದಲೇ ಆಟದ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಡಯಾಬ್ಲೊ 4 ಬಂದದ್ದು 2023ರ ಜೂನ್‌ನಲ್ಲಿ. ಆಗ ಕ್ಯಾಪ್ 100. 2024ರ ಅಕ್ಟೋಬರ್‌ನಲ್ಲಿ ಅದನ್ನು 60ಕ್ಕೆ ಇಳಿಸಿದರು. ಕ್ಯಾಪ್ ಮುಟ್ಟಿದ ಮೇಲೂ ಏರುವ ಪ್ಯಾರಗಾನ್ ಲೆವೆಲ್‌ಗಳನ್ನು ಬೇರೆ ಮಾಡಿ 300ರ ತನಕ ಇಟ್ಟರು. ಇದರಿಂದ ಆಟ ಚಿಕ್ಕದಾಯಿತಾ? ಇಲ್ಲ. ಅಂಕಿ ಮಾತ್ರ ಬದಲಾಯಿತು.

ನನ್ನ ಮಾತು ಇಷ್ಟೇ. ಕೊನೆಯ ಲೆವೆಲ್ ಮುಟ್ಟಿದ ಮೇಲೂ ನಿಮ್ಮ ಪಾತ್ರಕ್ಕೆ ಏನು ಸಿಕ್ಕಿರುವುದಿಲ್ಲ ಅಂತ ನೋಡಿ. ಎಲ್ಲವೂ ಸಿಕ್ಕಿದೆ ಅಂದರೆ ಆ ಕ್ಯಾಪ್ ಸುಮ್ನೆ ಒಂದು ಅಂಕಿ. ಬೇಕಾದದ್ದು ಇನ್ನೂ ಉಳಿದಿದೆ, ಲೆವೆಲ್ ಏರಿದಾಗ ಸಿಗುವ ಪಾಯಿಂಟ್ ಮಾತ್ರ ಮುಗಿದಿದೆ ಅಂದರೆ ಅಲ್ಲೊಂದು ಪಾತ್ರ ಇದೆ.

ಲೆವೆಲ್ ಅನ್ನುವುದು ಕಂಪ್ಯೂಟರ್‌ನಲ್ಲಿ ಹುಟ್ಟಿದ್ದಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಅದು ಬಂತು. ಮೇಜಿನ ಸುತ್ತ ಕೂತು ದಾಳ ಹಾಕಿ ಆಡುವ ಆಟ ಅದು. ಕ್ಯಾಪ್ ಕೂಡ ಅಲ್ಲೇ ಇತ್ತು: ಡ್ವಾರ್ಫ್ (ಕುಳ್ಳ ಜನಾಂಗದ) ಯೋಧ 6ನೇ ಲೆವೆಲ್‌ಗೆ ನಿಲ್ಲಬೇಕು, ಮನುಷ್ಯನಿಗೆ ಮಿತಿ ಇಲ್ಲ. ಅಂದರೆ ಲೆವೆಲ್ ಜೊತೆಗೇ ಮಿತಿಯೂ ಹುಟ್ಟಿದೆ.

1996ರ ಕೊನೆಗೆ, 1997ರ ಶುರುವಿಗೆ ಡಯಾಬ್ಲೊ ಬಂತು. ಮೊದಲು ಅದನ್ನು ಒಬ್ಬರಾದ ಮೇಲೊಬ್ಬರು ಸರದಿಯಂತೆ ಆಡುವ ಆಟವಾಗಿ ಯೋಚಿಸಿದ್ದರು, ಆಮೇಲೆ ಮೌಸ್ ಒತ್ತಿದ ಕ್ಷಣವೇ ಕತ್ತಿ ಬೀಸುವ ಆಟವಾಗಿ ಬದಲಿಸಿದರು. ಅದರ ಕ್ಯಾಪ್ 50. ಆದರೆ ನಿಜವಾದ ಮಿತಿ ಇನ್ನೊಂದು ಕಡೆ ಇತ್ತು. ಮಂತ್ರದ ಪುಸ್ತಕವನ್ನು ಯಾರು ಬೇಕಾದರೂ ಓದಬಹುದು. ಆದರೆ ವಾರಿಯರ್‌ನ (ಯೋಧನ) ಮ್ಯಾಜಿಕ್ ಅಂಕ 50 ದಾಟಿ ಏರುವುದಿಲ್ಲ, ಸಾರ್ಸರರ್‌ಗೆ (ಮಂತ್ರವಾದಿಗೆ) 250ರ ತನಕ ಏರುತ್ತದೆ. ಎಷ್ಟೇ ಆಡಿದರೂ ವಾರಿಯರ್ ವಾರಿಯರ್ ಆಗಿಯೇ ಉಳಿಯುತ್ತಾನೆ.

ಡಯಾಬ್ಲೊ 2ರ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. 2000ದಲ್ಲಿ ಬಂದ ಆಟ. ಇಷ್ಟು ವರ್ಷ ಆದ ಮೇಲೂ ಇದರ ಲೆಕ್ಕ ನನಗೆ ಪಾಠದ ಹಾಗೆ ಕಾಣುತ್ತದೆ. ಕ್ಯಾಪ್ 99. ಲೆವೆಲ್ 1ರಿಂದ ಏರುವ ಪ್ರತಿ ಲೆವೆಲ್‌ಗೆ ಒಂದು ಸ್ಕಿಲ್ ಪಾಯಿಂಟ್ (ಮಂತ್ರ, ಹೊಡೆತದಂಥ ಸಾಮರ್ಥ್ಯಕ್ಕೆ ಹಾಕುವ ಪಾಯಿಂಟ್), ಅಂದರೆ 98. ಮೂರು ಡಿಫಿಕಲ್ಟಿಗಳ (ಕಷ್ಟದ ಹಂತಗಳ) ಕ್ವೆಸ್ಟ್‌ಗಳಿಂದ, ಅಂದರೆ ಆಟ ಒಪ್ಪಿಸುವ ಕೆಲಸಗಳಿಂದ, ಇನ್ನು 12. ಒಟ್ಟು 110. ಇನ್ನು ಖರ್ಚು ನೋಡಿ. ಒಂದೊಂದು ಕ್ಲಾಸ್‌ಗೆ (ಪಾತ್ರದ ಬಗೆಗೆ) 30 ಸ್ಕಿಲ್. ಒಂದೊಂದಕ್ಕೆ 20 ಪಾಯಿಂಟ್ ತನಕ ಹಾಕಬಹುದು. ಎಲ್ಲವನ್ನೂ ತುಂಬಲು 600 ಬೇಕು. ಕೈಯಲ್ಲಿರುವುದು 110. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಬೆಂಕಿಯ ಸಾರ್ಸರೆಸ್ ಒಬ್ಬಳನ್ನು ಕಟ್ಟುತ್ತಿದ್ದೀರಿ ಅಂದುಕೊಳ್ಳಿ. ಫೈರ್ ಬೋಲ್ಟ್, ಫೈರ್ ಬಾಲ್, ಮೀಟಿಯರ್, ಫೈರ್ ಮಾಸ್ಟರಿ, ನಾಲ್ಕನ್ನೂ ತುಂಬಿದರೆ 80 ಪಾಯಿಂಟ್ ಹೋಯಿತು. ಥಟ್ಟನೆ ಬೇರೆ ಕಡೆ ಜಿಗಿಯುವ ಟೆಲಿಪೋರ್ಟ್ ಬೇಕು, ಅದಕ್ಕೆ ಮೊದಲು ಟೆಲಿಕಿನೆಸಿಸ್ ಬೇಕು. ಲೆವೆಲ್ 85ರಲ್ಲಿ ನಿಮ್ಮ ಹತ್ತಿರ ಇರುವುದು ಎಲ್ಲಾ ಸೇರಿ 96. ಆಗಲೇ ಅತಿ ಕಷ್ಟದ ಹೆಲ್ ಡಿಫಿಕಲ್ಟಿಯಲ್ಲಿ ಬೆಂಕಿಯೇ ತಾಗದ ರಾಕ್ಷಸರು ಎದುರಾಗುತ್ತಾರೆ. ಈಗ ಫ್ರೋಜನ್ ಆರ್ಬ್ ಅನ್ನುವ ಮಂಜಿನ ಮಂತ್ರ ಬೇಕು. ಅದಕ್ಕೆ 20 ಎಲ್ಲಿಂದ ತರುವುದು? ಬೆಂಕಿಯಲ್ಲಿ ಕಡಿಮೆ ಮಾಡಬೇಕು. ಇಲ್ಲಾ, ಬೆಂಕಿ ತಾಗದವರನ್ನು ಬಿಟ್ಟು ಪಕ್ಕದಿಂದ ಹೋಗಬೇಕು. ಅಥವಾ ಮಂಜಿನ ಮಂತ್ರ ಬಲ್ಲ ಗೆಳೆಯನನ್ನು ಜೊತೆಗೆ ಕರೆಯಬೇಕು. ಮೂರೂ ಸರಿಯಾದ ಉತ್ತರಗಳೇ. ಒಬ್ಬೊಬ್ಬರು ಒಂದೊಂದನ್ನು ಆರಿಸಿದರು, ಒಂದೇ ಕ್ಲಾಸ್‌ನಿಂದ ಹತ್ತಾರು ಬಿಲ್ಡ್‌ಗಳು (ಪಾತ್ರ ಕಟ್ಟುವ ಬಗೆಗಳು) ಹುಟ್ಟಿದವು.

ಇನ್ನು ಆ 99. ಅಲ್ಲಿಗೆ ಹೋಗಲು ಒಟ್ಟು 352 ಕೋಟಿಗೂ ಹೆಚ್ಚು ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ) ಬೇಕು. 90 ಮುಟ್ಟಿದಾಗಲೂ ಅರ್ಧಕ್ಕಿಂತ ಹೆಚ್ಚು ದಾರಿ ಉಳಿದಿರುತ್ತದೆ. ಅದು ಸಾಲದು ಅಂತ 70 ಆದ ಮೇಲೆ ಬರುವ ಎಕ್ಸ್‌ಪಿಯನ್ನೇ ಆಟ ಕಡಿತ ಮಾಡುತ್ತಾ ಹೋಗುತ್ತದೆ. 98ರಲ್ಲಿ ನಿಮ್ಮ ಕೈ ಸೇರುವುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಹೆಲ್‌ನಲ್ಲಿ ಸತ್ತರೆ ಆ ಲೆವೆಲ್‌ಗೆ ಬೇಕಾದ ಎಕ್ಸ್‌ಪಿಯಲ್ಲಿ 10% ಹೋಗುತ್ತದೆ. ಹೆಣದ ಹತ್ತಿರ ವಾಪಸ್ ಹೋದರೆ ಅದರಲ್ಲಿ ಮುಕ್ಕಾಲು ಪಾಲು ಸಿಗುತ್ತದೆ. ಇಷ್ಟೆಲ್ಲಾ ಪಟ್ಟು 99ಕ್ಕೆ ಏರಿದರೆ ಸಿಗುವುದು ಒಂದು ಸ್ಕಿಲ್ ಪಾಯಿಂಟ್, ಐದು ಸ್ಟ್ಯಾಟ್ ಪಾಯಿಂಟ್ (ಬಲ, ಪ್ರಾಣದಂಥ ಮೂಲ ಗುಣಗಳಿಗೆ ಹಾಕುವುದು). ನನಗೆ ಇದು ಬಹಳ ಇಷ್ಟ. ಹಠ ಇರುವವರಿಗೆ ಮೇಲೆ ಜಾಗ ಇದೆ, 85ಕ್ಕೆ ನಿಂತವರಿಗೆ ದೊಡ್ಡ ನಷ್ಟವೂ ಇಲ್ಲ. ಪಾತ್ ಆಫ್ ಎಕ್ಸೈಲ್ ಅನ್ನುವ ಆಟ ಕೂಡ ಇದೇ ದಾರಿ ಹಿಡಿಯಿತು: ಕ್ಯಾಪ್ 100, ಸತ್ತರೆ 10% ಕಡಿತ, ಸಾವಿರಕ್ಕೂ ಹೆಚ್ಚು ನೋಡ್ (ಪಾಯಿಂಟ್ ಹಾಕುವ ಜಾಗ) ಇರುವ ಪ್ಯಾಸಿವ್ ಟ್ರೀ, ಕೈಗೆ ಸಿಗುವುದು ನೂರಿಪ್ಪತ್ತು ಚಿಲ್ಲರೆ ಪಾಯಿಂಟ್.

ಡಯಾಬ್ಲೊ 3 ಈ ಲೆಕ್ಕವನ್ನೇ ಕಿತ್ತು ಹಾಕಿತು. 2012ರ ಮೇ ತಿಂಗಳಲ್ಲಿ ಬಂದಾಗ ಸ್ಕಿಲ್ ಪಾಯಿಂಟೇ ಇರಲಿಲ್ಲ. ಲೆವೆಲ್ ಏರಿದ ಹಾಗೆ ಎಲ್ಲ ಸ್ಕಿಲ್‌ಗಳೂ ತೆರೆದುಕೊಳ್ಳುತ್ತವೆ. ಯಾವಾಗ ಬೇಕಾದರೂ ಬದಲಿಸಬಹುದು. ತಪ್ಪು ಮಾಡುವ ಭಯ ಹೋಯಿತು, ಅದು ಒಳ್ಳೆಯದೇ. ಆದರೆ 60 ಮುಟ್ಟಿದ ಇಬ್ಬರು ಬಾರ್ಬೇರಿಯನ್‌ಗಳ ನಡುವೆ ಬಟ್ಟೆ, ಆಯುಧ ಬಿಟ್ಟರೆ ವ್ಯತ್ಯಾಸ ಇಲ್ಲ. ಜನ ಬೇಗ 60 ಮುಟ್ಟಿದರು, ಮುಂದೇನು ಅಂತ ಕೇಳಿದರು. ಅದೇ ಆಗಸ್ಟ್‌ನಲ್ಲಿ 100 ಪ್ಯಾರಗಾನ್ ಲೆವೆಲ್ ಬಂದವು. 2014ರಲ್ಲಿ ಕ್ಯಾಪ್ 70ಕ್ಕೆ ಏರಿತು, ಪ್ಯಾರಗಾನ್‌ಗೆ ಮಿತಿಯೇ ಇಲ್ಲವಾಯಿತು. ನಾಲ್ಕು ವಿಭಾಗ, ಒಂದೊಂದರಲ್ಲಿ ನಾಲ್ಕು ಸ್ಟ್ಯಾಟ್, ಬಹುತೇಕ ಎಲ್ಲಕ್ಕೂ 50ರ ಮಿತಿ. 800 ಆಗುವ ಹೊತ್ತಿಗೆ ಎಲ್ಲವೂ ಭರ್ತಿ. ಆಮೇಲೆ ಬರುವ ಪ್ರತಿ ಪಾಯಿಂಟ್ ಹೋಗುವುದು ಮುಖ್ಯ ಸ್ಟ್ಯಾಟ್‌ಗೆ ಅಥವಾ ವೈಟಾಲಿಟಿಗೆ (ಪ್ರಾಣಬಲಕ್ಕೆ), ಐದೈದರಂತೆ. ಸಾವಿರ, ಎರಡು ಸಾವಿರ, ಹೀಗೇ. ಇಲ್ಲಿ ಆರಿಸಲು ಏನಿದೆ ಹೇಳಿ? ಆಡಿದ ಗಂಟೆಗಳನ್ನು ಎಣಿಸುವ ಮೀಟರ್ ಇದು. ಹೊತ್ತು ಹೆಚ್ಚು ಇರುವವನು ಗೆಲ್ಲುತ್ತಾನೆ. ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಆಡುವವರಿಗೆ ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ಸ್ಕೈರಿಮ್ ಅನ್ನುವ ಆಟದ ವಿಷಯ ಚಿಕ್ಕದು. 18 ಸ್ಕಿಲ್ಲೂ 100 ಆದರೆ ಲೆವೆಲ್ 81ರ ಹತ್ತಿರ ನಿಲ್ಲುತ್ತಿತ್ತು. 2013ರಲ್ಲಿ, 100 ಆದ ಸ್ಕಿಲ್ಲನ್ನು ಕೆಳಗಿಳಿಸಿ ಮತ್ತೆ ಏರಿಸುವ ಲೆಜೆಂಡರಿ ಸ್ಕಿಲ್ ತಂದು ಆ ಮಿತಿ ತೆಗೆದರು. ಈಗ ಒಬ್ಬನೇ ಕಳ್ಳ, ಮಂತ್ರವಾದಿ, ಕಮ್ಮಾರ ಎಲ್ಲವೂ ಆಗಬಹುದು. ಒಂಟಿಯಾಗಿ ಅಲೆಯುವ ಆಟಕ್ಕೆ ಅದು ಹೊಂದುತ್ತದೆ, ತಕರಾರಿಲ್ಲ.

ಎಲ್ಡನ್ ರಿಂಗ್ ನೋಡಿ, 2022ರ ಆಟ. ಕ್ಯಾಪ್ 713. ವಿಚಿತ್ರ ಅಂಕಿ, ಅಲ್ವಾ? ಲೆಕ್ಕ ಸುಲಭ. ಎಂಟು ಸ್ಟ್ಯಾಟ್, ಒಂದೊಂದು 99ರ ತನಕ, ಒಟ್ಟು 792. ರೆಚ್ ಕ್ಲಾಸ್ ಶುರುವಾಗುವುದು ಲೆವೆಲ್ 1ರಲ್ಲಿ, ಎಲ್ಲವೂ 10, ಅಂದರೆ 80. ಉಳಿದ 712 ಪಾಯಿಂಟ್ ಹಾಕಿದರೆ 713. ಎಲ್ಲವೂ ತುಂಬಿದಾಗ ನಿಲ್ಲುತ್ತದೆ, ಅಂದರೆ ಕ್ಯಾಪ್ ಇಲ್ಲದ ಹಾಗೇ. ಆದರೆ ಒಳಗೆ ಇನ್ನೊಂದು ಅಡ್ಡಗೋಡೆ ಇದೆ. ವಿಗರ್ ಅನ್ನುವ ಸ್ಟ್ಯಾಟ್ 40ರಲ್ಲಿ ಎಚ್‌ಪಿ (ಪ್ರಾಣದ ಅಂಕ) 1450. 60ಕ್ಕೆ ಏರಿಸಿದರೆ 1900. ಅಲ್ಲಿಂದ 99ರ ತನಕ ಇನ್ನೂ 39 ಪಾಯಿಂಟ್ ಸುರಿದರೂ 2100 ಅಷ್ಟೇ. ಆಟ ಬೇಡ ಅನ್ನುವುದಿಲ್ಲ, ಆದರೆ ಸಾಕು ಅಂತ ನಿಮಗೇ ಗೊತ್ತಾಗುತ್ತದೆ.

ನನಗೆ ಇದಕ್ಕಿಂತ ದೊಡ್ಡದಾಗಿ ಕಂಡದ್ದು ಆಡುವವರು ಮಾಡಿದ ಕೆಲಸ. ಪರಸ್ಪರ ಹೊಡೆದಾಡುವವರು 125 ಅಥವಾ 150ಕ್ಕೆ ನಿಲ್ಲೋಣ ಅಂತ ತಮ್ಮಲ್ಲೇ ಒಪ್ಪಿಕೊಂಡರು. ಹತ್ತಿರದ ಲೆವೆಲ್‌ನವರನ್ನೇ ಆಟ ಜೋಡಿಸುತ್ತದೆ ಅನ್ನುವುದು ಒಂದು ಕಾರಣ. ಅದಕ್ಕಿಂತ ಮುಖ್ಯ ಕಾರಣ, ಅದಕ್ಕೂ ಮೇಲೆ ಹೋದರೆ ಎಲ್ಲರ ಕೈಯಲ್ಲೂ ಎಲ್ಲವೂ ಇರುತ್ತದೆ. ದೊಡ್ಡ ಕತ್ತಿಯವನೂ ದೊಡ್ಡ ಮಂತ್ರ ಹಾಕುತ್ತಾನೆ. ಆಟ ಇಡದ ಕ್ಯಾಪನ್ನು ಜನರೇ ಇಟ್ಟುಕೊಂಡರು, ಯಾರೂ ಹೇಳದೆ. ಇನ್ನು ಕೆಲವರು ಲೆವೆಲ್ 1ರಲ್ಲೇ ಉಳಿದು ಇಡೀ ಆಟ ಮುಗಿಸುತ್ತಾರೆ. ಬಾಸ್ (ದೊಡ್ಡ ಎದುರಾಳಿ) ಯಾವಾಗ ಕೈ ಎತ್ತುತ್ತಾನೆ, ಯಾವಾಗ ಉರುಳಬೇಕು ಅನ್ನುವುದು ಅವರ ಬೆರಳಿಗೆ ಬಂದಿರುತ್ತದೆ. ಆ್ಯಕ್ಷನ್ ಆಟಗಳಲ್ಲಿ ಪಾತ್ರದ ಲೆವೆಲ್ ನಿಂತರೂ ಆಡುವವರ ಕೈ ಕಲಿಯುತ್ತಲೇ ಇರುತ್ತದೆ. ಅದಕ್ಕೇ ಇಲ್ಲಿ ಕ್ಯಾಪ್ ಇಡಲು ಹೆದರಬೇಕಿಲ್ಲ.

ಮಿತಿ ಬೇಕು ಅಂದ ಕೂಡಲೇ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದು. ಪಾಯಿಂಟ್ ಕಡಿಮೆ ಇದ್ದು, ವಾಪಸ್ ಪಡೆಯಲೂ ಆಗದಿದ್ದರೆ ಜನ ಆಡುವುದನ್ನೇ ಬಿಡುತ್ತಾರೆ, ಇಲ್ಲಾ ಬೇರೆಯವರ ಬಿಲ್ಡ್ ನೋಡಿ ನಕಲು ಮಾಡುತ್ತಾರೆ. ಡಯಾಬ್ಲೊ 2ರ ಮೊದಲ ವರ್ಷಗಳಲ್ಲಿ ಎಷ್ಟೋ ಜನ ಲೆವೆಲ್ 30ರ ತನಕ ಸ್ಕಿಲ್ ಪಾಯಿಂಟ್ ಖರ್ಚು ಮಾಡದೆ ಕೂಡಿಟ್ಟುಕೊಂಡು ಬರುತ್ತಿದ್ದರು. ಒಳ್ಳೆಯ ಸ್ಕಿಲ್ ಅಲ್ಲಿ ತೆರೆಯುತ್ತಿತ್ತು, ಅದಕ್ಕೆ. ಆಟದ ಶುರುವೇ ನೀರಸವಾಗುತ್ತಿತ್ತು. 2003ರಲ್ಲಿ 1.10 ಪ್ಯಾಚ್ (ಆಟದ ತಿದ್ದುಪಡಿ) ಬಂದು ಸಿನರ್ಜಿ ಸೇರಿಸಿತು. ಫೈರ್ ಬೋಲ್ಟ್‌ಗೆ ಹಾಕಿದ ಪಾಯಿಂಟ್ ಫೈರ್ ಬಾಲ್‌ಗೂ ಬಲ ಕೊಡುವ ಹಾಗಾಯಿತು. ಕೂಡಿಡುವ ಕಾಟ ಕಡಿಮೆಯಾಯಿತು. ಆದರೆ ಹಳೆಯ ಲೆಕ್ಕದಲ್ಲಿ ಕಟ್ಟಿದ ಪಾತ್ರಗಳು ಒಂದೇ ದಿನದಲ್ಲಿ ಬಡವಾದವು. ಅವುಗಳನ್ನು ತಿದ್ದಲು ದಾರಿ ಸಿಕ್ಕಿದ್ದು 2010ರಲ್ಲಿ, ಅಕಾರಾ ಅನ್ನುವ ಆಟದೊಳಗಿನ ಪಾತ್ರ ಪಾಯಿಂಟ್‌ಗಳನ್ನು ವಾಪಸ್ ಕೊಡುವ ರೀಸೆಟ್ ಬಂದಾಗ.

ನಿಮ್ಮಲ್ಲಿ ಆಟ ಮಾಡಲು ಹೊರಟವರಿಗೆ ನನ್ನ ಸಲಹೆ ಇಲ್ಲಿಂದಲೇ ಬರುತ್ತದೆ. ಕ್ಯಾಪ್ ಬರೆಯುವ ಮೊದಲು, ಎಲ್ಲವನ್ನೂ ತುಂಬಲು ಎಷ್ಟು ಪಾಯಿಂಟ್ ಬೇಕು, ನೀವು ಕೊಡುವುದು ಎಷ್ಟು ಅಂತ ಪಕ್ಕಪಕ್ಕ ಬರೆದು ನೋಡಿ. ಶುರುವಿನ ಲೆವೆಲ್‌ಗಳಲ್ಲಿ ಪಾಯಿಂಟ್ ವಾಪಸ್ ಪಡೆಯುವುದು ಪೂರ್ತಿ ಉಚಿತವಾಗಿರಲಿ, ಆಗ ಇನ್ನೂ ಯಾರಿಗೂ ಆಟ ಅರ್ಥವಾಗಿರುವುದಿಲ್ಲ. ಆಮೇಲೆ ಅದಕ್ಕೊಂದು ಬೆಲೆ ಇಡಿ, ಒಂದು ಸಂಜೆ ಆಡಿ ಗಳಿಸುವಷ್ಟು. ಮತ್ತೆ, ಪ್ಯಾಚ್ ಬಿಟ್ಟು ನೀವೇ ಒಂದು ಸ್ಕಿಲ್ಲನ್ನು ಬದಲಿಸಿದ ದಿನ ಅದಕ್ಕೆ ಹಾಕಿದ್ದ ಪಾಯಿಂಟ್‌ಗಳನ್ನು ಎಲ್ಲರಿಗೂ ಏನೂ ಕೇಳದೆ ವಾಪಸ್ ಕೊಟ್ಟುಬಿಡಿ. ಏಳು ವರ್ಷ ಕಾಯಿಸಬೇಡಿ.