ಕಲಬುರಗಿ ಊಟ: ತಟ್ಟೆಯ ಅಂಚು ನೋಡಿ

ನಮಸ್ಕಾರ. ಈಗ ನಿಮಗೆ ಕಾಣುತ್ತಿರುವುದು ಒಂದು ಸ್ಟೀಲ್ ತಟ್ಟೆ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಖಾನಾವಳಿ. ಇನ್ನೂ ರೊಟ್ಟಿ ಬಂದಿಲ್ಲ, ಪಲ್ಯ ಬಂದಿಲ್ಲ. ಆದರೆ ತಟ್ಟೆಯ ಅಂಚು ಆಗಲೇ ತುಂಬಿದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ (ಹಿಂಡಿ ಅಂದರೆ ನಮ್ಮ ಕಡೆ ಚಟ್ನಿ ಪುಡಿ), ಕೆಂಪು ಖಾರ, ಹೆಚ್ಚಿದ ಉಳ್ಳಾಗಡ್ಡಿ, ಸೌತೆಕಾಯಿ, ಒಂದು ಹಿಡಿ ಹಸಿ ಮೆಂತ್ಯೆ ಸೊಪ್ಪು. ಇದ್ಯಾವುದನ್ನೂ ನಾನು ಕೇಳಿಲ್ಲ. ಬಿಲ್ಲಿನಲ್ಲೂ ಇದಕ್ಕೆ ಬೇರೆ ದುಡ್ಡಿಲ್ಲ.

ನಮ್ಮೂರಲ್ಲಿ ಎಲ್ಲಿ ಊಟ ಮಾಡಬೇಕು ಅಂತ ತುಂಬಾ ಜನ ಕೇಳುತ್ತಾರೆ. ಹೋಟೆಲ್ ಹೆಸರು ಹೇಳಿ ಅಂತಾರೆ. ಹೆಸರಿಗಿಂತ ಒಂದು ಗುರುತು ಹೇಳುತ್ತೇನೆ, ಕೇಳಿ. ದುಡ್ಡು ಕೊಟ್ಟು ತರಿಸಿಕೊಳ್ಳುವ ಪಲ್ಯ ನೋಡಿ ಜಾಗವನ್ನು ಅಳೆಯಬೇಡಿ. ಕೇಳದೇ ಬರುವ ಸಾಮಾನು ನೋಡಿ. ಖಾನಾವಳಿ ಆಗಲಿ, ಮುಂಜಾನೆಯ ಬಂಡಿ ಆಗಲಿ, ಬಾರ್ ಆಗಲಿ, ಧಾಬಾ ಆಗಲಿ, ಈ ಗುರುತು ಎಲ್ಲ ಕಡೆ ನಡೆಯುತ್ತದೆ.

ಯಾಕೆ ಅಂತೀರಾ? ಈ ಶೇಂಗಾ ಹಿಂಡಿಯನ್ನೇ ತಗೊಳ್ಳಿ. ಶೇಂಗಾ ಹದವಾಗಿ ಹುರಿಯಬೇಕು. ಸಿಪ್ಪೆ ತಿಕ್ಕಿ ತೆಗೆಯಬೇಕು. ಬೆಳ್ಳುಳ್ಳಿ, ಖಾರದ ಪುಡಿ, ಜೀರಿಗೆ, ಉಪ್ಪು ಹಾಕಿ ಕುಟ್ಟಬೇಕು. ಎಣ್ಣೆ ಅಂಶ ಜಾಸ್ತಿ ಇರುವ ಕಾಳು ಇದು, ಬಹಳ ದಿನ ಇಟ್ಟರೆ ಕಮಟು ವಾಸನೆ ಬರುತ್ತದೆ. ಮಸಾಲೆ ಜಾಸ್ತಿ ಹಾಕಿ ಹಳೆಯ ಬದನೆಕಾಯಿಯನ್ನಾದರೂ ಮುಚ್ಚಿಡಬಹುದು. ಹಳೆಯ ಹಿಂಡಿಯನ್ನು ಮುಚ್ಚಿಡಲು ಆಗಲ್ಲ. ಬೆರಳಲ್ಲಿ ಒಂದು ಚಿಟಿಕೆ ನಾಲಿಗೆಗೆ ಹಚ್ಚಿದರೆ ಗೊತ್ತಾಗಿಬಿಡುತ್ತದೆ. ಅದರ ಮೇಲೆ ಮೊಸರು ಹಾಕಿಕೊಳ್ಳುವವರು ಇದ್ದಾರೆ, ಎಣ್ಣೆ ಹಾಕಿಕೊಳ್ಳುವವರು ಇದ್ದಾರೆ. ಹಳೆಯ ಕಾಲದವರಾದರೆ ಕುಸುಬಿ ಎಣ್ಣೆಯೇ ಬೇಕು ಅಂತಾರೆ. ನನಗೆ ಗಟ್ಟಿ ಮೊಸರೇ ಇಷ್ಟ.

ಉಳ್ಳಾಗಡ್ಡಿ ಕಥೆ ಬೇರೆ. ಮಾರ್ಕೆಟ್‌ನಲ್ಲಿ ಉಳ್ಳಾಗಡ್ಡಿ ದರ ಏರಿದ ಕೂಡಲೇ ಕೆಲವು ಕಡೆ ತಟ್ಟೆಯಿಂದ ಅದು ಮಾಯ. ಅದರ ಜಾಗದಲ್ಲಿ ಕ್ಯಾಬೇಜ್ ಚೂರು ಬಂದು ಕೂರುತ್ತದೆ. ಈ ಖಾನಾವಳಿಯವರು ಮಾತ್ರ ಚಿಕ್ಕ ಗಡ್ಡೆ ಆದರೂ ಸರಿ, ಇಟ್ಟೇ ಇಡುತ್ತಾರೆ. ಇಂಥ ಕಡೆ ನಾನು ಮತ್ತೆ ಮತ್ತೆ ಹೋಗುತ್ತೇನೆ.

ಈಗ ಈ ಸದ್ದು ಕೇಳಿ. ಪಟಪಟ ಅಂತ ಬರುತ್ತಿದೆ, ಅಲ್ವಾ? ಅದು ಹಿಂದಿನ ಕೋಣೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಅಕ್ಕ ಕ್ಯಾಮೆರಾಗೆ ಮುಖ ಬೇಡ ಅಂದರು. ಅದಕ್ಕೆ ಕೈ ಅಷ್ಟೇ ತೋರಿಸುತ್ತಿದ್ದೇನೆ. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಹಾಗೆ ಅಂಟು ಇರುವುದಿಲ್ಲ. ಅದಕ್ಕೇ ತಣ್ಣೀರು ಹಾಕಿ ಕಲೆಸಿದರೆ ರೊಟ್ಟಿ ಹರಿದು ಹೋಗುತ್ತದೆ. ಕುದಿಯುವ ಎಸರು ಹಾಕಬೇಕು. ಬಿಸಿ ಇರುವಾಗಲೇ ಅಂಗೈಯಲ್ಲಿ ಒತ್ತಿ ಒತ್ತಿ ನಾದಬೇಕು. ಆಮೇಲೆ ಉಂಡೆ ಮಾಡಿ, ಒಣ ಹಿಟ್ಟು ಉದುರಿಸಿ, ತಿರುಗಿಸುತ್ತಾ ಬಡಿಯಬೇಕು. ಹಂಚಿನ ಮೇಲೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಭಾಗಕ್ಕೆಲ್ಲ ನೀರು ಸವರುತ್ತಾರೆ, ನೋಡಿ. ಆ ನೀರು ಆರುವ ಹೊತ್ತಿಗೆ ಮಗುಚಬೇಕು. ಆಗಲೇ ರೊಟ್ಟಿ ಉಬ್ಬುವುದು.

ನಾನು ಅಕ್ಕನ್ನ ಕೇಳಿದೆ, "ಹಿಟ್ಟು ಎಷ್ಟು ದಿನ ಇಡ್ತೀರಿ?"

"ಇಡೂದೇ ಇಲ್ರಿ. ಹಿಟ್ಟು ಹಳೀದಾದ್ರ ಜಿಗಿ ಹೋಗತದ. ಬಡಿದ್ರ ಅಂಚು ಸೀಳತದ. ಬೇಕಾದಷ್ಟೇ ಬೀಸ್ಕೊಂಡು ಬರೂದು."

ರೊಟ್ಟಿ ಅಂಚು ಸೀಳಿದೆಯಾ, ಇಲ್ಲವಾ? ನೀವೂ ನೋಡಿ. ಹಿಟ್ಟು ಹೊಸದೋ ಹಳೆಯದೋ ಅಂತ ಅಲ್ಲಿಯೇ ತಿಳಿಯುತ್ತದೆ. ಈ ಭಾಗದ ರೊಟ್ಟಿಗೆ ಹಿಂಗಾರಿ ಜೋಳ ಬಹಳ ಚಂದ. ಮಳೆಗಾಲದ ಕೊನೆಗೆ ಕರಿ ಮಣ್ಣಿನಲ್ಲಿ ಬಿತ್ತುತ್ತಾರೆ. ನೆಲದಲ್ಲಿ ಉಳಿದ ಹಸಿ ಮತ್ತು ಚಳಿಗಾಲದ ಇಬ್ಬನಿ, ಅಷ್ಟರಲ್ಲೇ ಬೆಳೆಯುವ ಬೆಳೆ. ಬಿಳಿ ಮುತ್ತಿನ ಹಾಗೆ ಕಾಳು ಕಟ್ಟುತ್ತದೆ. ಮಾಲದಂಡಿ ಅನ್ನುವ ತಳಿ ಇಲ್ಲಿ ಮನೆಮಾತು. ಜಿಲ್ಲಾಡಳಿತವೂ ಈಗ ಮಹಿಳಾ ಸಂಘಗಳು ಮಾಡುವ ರೊಟ್ಟಿಯನ್ನು 'ಕಲಬುರಗಿ ರೊಟ್ಟಿ' ಅನ್ನುವ ಹೆಸರಿನಲ್ಲಿ ಮಾರುವುದಕ್ಕೆ ಮುಂದಾಗಿದೆ. ನನಗೆ ತುಂಬಾ ಖುಷಿ ಆಯಿತು. ಖಾನಾವಳಿಯ ಬೋರ್ಡಿನ ಮೇಲೆ ಮಾಲೀಕರ ಹೆಸರು ಇರುತ್ತದೆ, ದೇವರ ಹೆಸರು ಇರುತ್ತದೆ. ಬೆಳಿಗ್ಗೆಯಿಂದ ಒಲೆ ಮುಂದೆ ಕೂತವರ ಹೆಸರು ಎಲ್ಲೂ ಇರಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಆ ದಿನಗಳಲ್ಲಿ ಆ ಒಲೆಯ ಮುಂದೆ ಕೂರುವುದು ಅಂದರೆ ಎಂಥ ಕೆಲಸ ಅಂತ ಯೋಚಿಸಿ. ಊಟ ಮುಗಿದ ಮೇಲೆ ಒಳಗೆ ಹೋಗಿ "ರೊಟ್ಟಿ ಚಲೋ ಆಗಿದ್ವು ಅಕ್ಕಾ" ಅಂತ ಹೇಳಿ ಬನ್ನಿ. ದಯವಿಟ್ಟು ಹೇಳಿ.

ಪಲ್ಯದ ವಿಷಯ ಬೇಗ ಮುಗಿಸುತ್ತೇನೆ. ಎಣ್ಣೆಗಾಯಿ ಎಲ್ಲರಿಗೂ ಗೊತ್ತು. ಪುಂಡಿ ಪಲ್ಯ ಗೊತ್ತಿಲ್ಲದವರು ಅದನ್ನು ತಿನ್ನಿ. ಹುಳಿ ಸೊಪ್ಪು, ಅದಕ್ಕೆ ಜೋಳದ ನುಚ್ಚು, ಬೇಳೆ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಬಿಸಿ ರೊಟ್ಟಿಗೆ ಇದಕ್ಕಿಂತ ಒಳ್ಳೆ ಜೋಡಿ ನನಗಂತೂ ಸಿಕ್ಕಿಲ್ಲ. ಚಳಿಗಾಲದಲ್ಲಿ ಬಂದರೆ ಹಕ್ಕರಕಿ ಸೊಪ್ಪು ಇದೆಯಾ ಅಂತ ಕೇಳಿ. ಹಸಿದಾಗಿಯೇ ತಿನ್ನುವ ಸೊಪ್ಪು ಅದು.

"ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ ಅಕ್ಕಾರ?"

ಕೇಳಿಸಿತಾ? ಬೇಡ ಅಂದರೂ ಅರ್ಧ ಹಾಕಿ ಹೋದರು. ಈ ಅಭ್ಯಾಸ ಇಲ್ಲಿಗೆ ಎಲ್ಲಿಂದ ಬಂತು ಅಂತ ನಾನು ಯೋಚಿಸುತ್ತಿರುತ್ತೇನೆ. ಈ ಊರಿನ ಶರಣಬಸವೇಶ್ವರರನ್ನು ಜನ ಇವತ್ತಿಗೂ ಮಹಾದಾಸೋಹಿ ಅಂತಲೇ ಕರೆಯುತ್ತಾರೆ. ಬಂದವರಿಗೆ ಅನ್ನ ಹಾಕಿದ್ದೇ ಅವರ ದೊಡ್ಡ ಹೆಸರು. ಊರಿನ ಇನ್ನೊಂದು ಕಡೆ ಸೂಫಿ ಸಂತ ಖ್ವಾಜಾ ಬಂದೇ ನವಾಜರ ದರ್ಗಾ. ಅವರು ತೀರಿಕೊಂಡದ್ದು 1422ರಲ್ಲಿ. ಅಲ್ಲಿ ಲಂಗರ್, ಅಂದರೆ ಬಂದವರಿಗೆ ಉಚಿತ ಊಟ, ನಡೆಯುತ್ತದೆ. ಒಂದು ಊರಿನ ಎರಡು ದೊಡ್ಡ ಬಾಗಿಲುಗಳಲ್ಲೂ ಊಟ ಹಾಕುತ್ತಿದ್ದರೆ, ಆ ಊರಿನ ಸಣ್ಣ ಹೋಟೆಲಿನವರಿಗೂ ಕೈ ಬಿಗಿ ಹಿಡಿಯುವುದಕ್ಕೆ ಮನಸ್ಸು ಬರಲ್ಲ. ನನ್ನ ನಂಬಿಕೆ ಇದು.

ಬನ್ನಿ, ದರ್ಗಾ ಕಡೆಗೇ ಹೋಗೋಣ. ಇದು ಮರುದಿನದ ಮುಂಜಾನೆ. ಈ ಸಣ್ಣ ಹೋಟೆಲಿನಲ್ಲಿ ತಹರಿ ಸಿಗುತ್ತದೆ. ಬಿರಿಯಾನಿಯಲ್ಲಿ ಅನ್ನ ಬೇರೆ, ಮಾಂಸ ಬೇರೆ ಮಾಡಿ ಪದರ ಪದರ ಹಾಕುತ್ತಾರೆ. ತಹರಿ ಹಾಗಲ್ಲ. ಮಾಂಸ ಬೆಂದ ನೀರಿನಲ್ಲೇ ಅಕ್ಕಿ ಬೇಯುತ್ತದೆ. ಅದಕ್ಕೇ ಒಂದೊಂದು ಅಗುಳಿಗೂ ರುಚಿ ಹತ್ತಿರುತ್ತದೆ. ಕೂಲಿ ಕೆಲಸಕ್ಕೆ ಹೋಗುವವರು, ಆಟೋದವರು, ಕಾಲೇಜು ಹುಡುಗರು, ಎಲ್ಲರೂ ಒಂದೇ ಬೆಂಚಿನಲ್ಲಿ ಕೂತು ತಿನ್ನುತ್ತಾರೆ. ಇಲ್ಲಿಯ ಮಾತು ದಖ್ಖನಿ, ಅಂದರೆ ಈ ಭಾಗದ ಉರ್ದು. 1948ರವರೆಗೆ ಈ ಊರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅದರ ಗುರುತು ನಾಲಿಗೆಯಲ್ಲಿ ಉಳಿದಿದೆ, ಮಾತಿನಲ್ಲೂ ರುಚಿಯಲ್ಲೂ. ತಟ್ಟೆಯ ಅಂಚು ನೋಡಿ. ನಿಂಬೆ ಹೋಳು, ಉಳ್ಳಾಗಡ್ಡಿ, ಸಣ್ಣ ಬಟ್ಟಲಲ್ಲಿ ಹುಳಿ ಚಟ್ನಿ. ಚಟ್ನಿ ಖಾಲಿ ಆಗುವ ಮೊದಲೇ ಹುಡುಗ ಬಂದು "ಔರ್ ಹೋನಾ?" (ಇನ್ನೂ ಬೇಕಾ?) ಅಂತ ಕೇಳಿದ. ಚಟ್ನಿಗೆ ದುಡ್ಡು ಇಲ್ಲ.

ಮಾಂಸ ತಿನ್ನದವರಿಗೆ ಮುಂಜಾನೆ ಸುಸಲಾ ಮಿರ್ಚಿ ಇದೆ. ನೆನೆಸಿ ಹಿಂಡಿದ ಚುರುಮುರಿಗೆ ಒಗ್ಗರಣೆ, ಪುಟಾಣಿ ಹಿಟ್ಟು, ಮೇಲೆ ನಿಂಬೆ ರಸ. ಪಕ್ಕದಲ್ಲಿ ಬಿಸಿ ಮಿರ್ಚಿ ಭಜಿ. ಬಂಡಿಯ ಅಣ್ಣ ಕಾಗದದ ತುದಿಯಲ್ಲಿ ಉಪ್ಪು ಹಾಕಿ ಹುರಿದ ಹಸಿ ಮೆಣಸಿನಕಾಯಿ ಇಟ್ಟುಕೊಟ್ಟರು. ನಮ್ಮ ಗುರುತು ಇಲ್ಲೂ ನಡೆಯಿತು.

ಈಗ ಸಂಜೆ. ಪಬ್ ತೋರಿಸಿ ಅಂತ ಬೆಂಗಳೂರಿನ ಸ್ನೇಹಿತರು ಕೇಳುತ್ತಿರುತ್ತಾರೆ. ಜೋರು ಹಾಡು, ಬಣ್ಣದ ಲೈಟು ಬೇಕು ಅನ್ನುವವರಿಗೆ ಈ ಭಾಗ ಅಲ್ಲ. ಇಲ್ಲಿ ಸಂಜೆ ಅಂದರೆ ಬಾರ್ ಅಂಡ್ ರೆಸ್ಟೋರೆಂಟ್. ಶಹಾಬಾದ್ ಕಲ್ಲು ಹಾಸಿದ ನೆಲ, ಮೇಲೆ ತಿರುಗುವ ಫ್ಯಾನು, ಟಿವಿಯಲ್ಲಿ ಕ್ರಿಕೆಟ್. ಶಹಾಬಾದ್ ನಮ್ಮ ಜಿಲ್ಲೆಯದೇ ಊರು. ಆ ಕಲ್ಲು ಬೇಸಿಗೆಯಲ್ಲಿ ಕಾಲಿಗೆ ತಂಪು. ನಾನು ಕಾಕಾನ ಮಗನ ಜೊತೆ ಹೋಗಿದ್ದೆ. ಅವನಿಗೆ ಬಿಯರ್, ನನಗೆ ಲೈಮ್ ಸೋಡಾ.

ಒಂದು ಮಾತು ಇಲ್ಲಿ ಹೇಳಲೇಬೇಕು. ಮೊದಲು ಹೋದ ಜಾಗದಲ್ಲಿ ಹೆಣ್ಣುಮಗಳು ಅಂತ ನನ್ನನ್ನು ನೇರ ಮೇಲಿನ ಫ್ಯಾಮಿಲಿ ರೂಮಿಗೆ ಕಳಿಸಿದರು. ಪರದೆ ಎಳೆದ ಸಣ್ಣ ಕೋಣೆ. ಕಿಟಕಿ ಇಲ್ಲ. ಕೆಳಗೆ ಪ್ರತಿ ಟೇಬಲ್ಲಿಗೂ ಉಪ್ಪು ಖಾರ ಹಚ್ಚಿದ ಸೌತೆಕಾಯಿ, ಹುರಿದ ಶೇಂಗಾ ಹೋಗುತ್ತಿತ್ತು. ನಮಗೆ ಬರಲಿಲ್ಲ. ಕೇಳಿದ ಮೇಲೆ ಬಂತು, ಅದೂ ಬಿಲ್ಲಿಗೆ ಸೇರಿತು. ನನಗೆ ಬೇಜಾರಾಯಿತು. ದುಡ್ಡಿಗಲ್ಲ. ಒಂದೇ ಹೋಟೆಲಿನಲ್ಲಿ ಕೆಳಗೊಂದು ಲೆಕ್ಕ, ಮೇಲೊಂದು ಲೆಕ್ಕ ಇರಬಾರದು. ಹೆಂಗಸರೂ ಸಂಜೆ ಹೊತ್ತು ಹೊರಗೆ ಕೂತು ನೆಮ್ಮದಿಯಿಂದ ಏನಾದರೂ ತಿನ್ನಬೇಕು ಅಂತ ಬಯಸುತ್ತಾರೆ. ಅವರಿಗೂ ಗಾಳಿ ಬೇಕು, ಬೆಳಕು ಬೇಕು.

ಅದಕ್ಕೇ ಎದ್ದು ಬೇರೆ ಕಡೆ ಹೋದೆವು. ಇಲ್ಲಿ ಬಾಗಿಲಲ್ಲೇ ಮ್ಯಾನೇಜರ್ ಅಣ್ಣ ಕೇಳಿದರು, "ಎಲ್ಲಿ ಕುಂದರ್ತೀರಿ ಅಕ್ಕಾರ, ಮ್ಯಾಲೋ ಕೆಳಗೋ? ನಿಮ್ಗ ಹ್ಯಾಂಗ ಅನುಕೂಲನೋ ಹಾಂಗ." ನಾವು ಅಂಗಳದಲ್ಲಿ ಬೇವಿನ ಮರದ ಕೆಳಗಿನ ಟೇಬಲ್ ಹಿಡಿದೆವು. ಕೂತ ಎರಡು ನಿಮಿಷಕ್ಕೆ ಬಂತು, ನೋಡಿ ಈ ತಟ್ಟೆ. ಸೌತೆಕಾಯಿ, ಹುರಿದ ಶೇಂಗಾ, ಮೇಲೆ ನಿಂಬೆ. ಆಮೇಲೆ ನಾವು ಮೊಟ್ಟೆ ಬುರ್ಜಿ ತರಿಸಿದೆವು, ಶೇಂಗಾ ಮಸಾಲಾ ತರಿಸಿದೆವು. ಬುರ್ಜಿ ಜೊತೆಗೆ ರೊಟ್ಟಿ ಸಿಗುತ್ತಾ ಅಂತ ಕೇಳಿದೆ. ಪಕ್ಕದ ಖಾನಾವಳಿಯಿಂದ ತರಿಸಿ ಕೊಟ್ಟರು. ಕುಡಿಯುವ ಜಾಗದಲ್ಲಿ ಕುಡಿಯದವಳನ್ನೂ ಇಷ್ಟು ಚೆನ್ನಾಗಿ ನೋಡಿಕೊಂಡರು. ಕೂತಿದ್ದಷ್ಟು ಹೊತ್ತೂ ಯಾರೂ ತಿರುಗಿ ತಿರುಗಿ ನೋಡಲಿಲ್ಲ. ಅದೂ ಮುಖ್ಯ.

ಕೊನೆಗೆ ಒಂದು ಧಾಬಾ. ಹುಮನಾಬಾದ್ ರಸ್ತೆ. ಧಾಬಾದಲ್ಲಿ ಪನೀರ್ ತರಿಸಬೇಡಿ, ಅದು ಎಲ್ಲಾ ಊರಲ್ಲೂ ಸಿಗುತ್ತದೆ. ಇಲ್ಲಿ ಬ್ಯಾಳಿ, ಅಂದರೆ ಒಗ್ಗರಣೆ ಹಾಕಿದ ತೊಗರಿ ಬೇಳೆ, ತರಿಸಿ. ನೀವು ಕೂತಿರುವುದು ತೊಗರಿ ಕಣಜದಲ್ಲಿ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿತು. ಊರಿನ ಹೆಸರು 2014ರಲ್ಲೇ ಕಲಬುರಗಿ ಅಂತ ಆಗಿತ್ತು, ಆದರೂ ಟ್ಯಾಗ್ ಇರುವುದು ಗುಲ್ಬರ್ಗಾ ತೊಗರಿ ಬೇಳೆ ಅನ್ನುವ ಹೆಸರಿಗೇ. ಬೇಳೆ ಮೆತ್ತಗೆ ಕರಗಿರಬೇಕು, ಬೆಳ್ಳುಳ್ಳಿ ಕಂದು ಬಣ್ಣಕ್ಕೆ ಬಂದಿರಬೇಕು, ಒಣ ಮೆಣಸಿನಕಾಯಿ ಎಣ್ಣೆಯಲ್ಲಿ ಉಬ್ಬಿರಬೇಕು. ಈ ಧಾಬಾದವರು ಬ್ಯಾಳಿ ಜೊತೆಗೆ ಒಂದು ಚಮಚ ತುಪ್ಪ ತಾವಾಗಿಯೇ ಹಾಕಿದರು. ಲಾರಿ ಅಣ್ಣಂದಿರಿಗೂ ಹಾಕಿದರು, ಕಾರಿನಲ್ಲಿ ಬಂದವರಿಗೂ ಹಾಕಿದರು. ಅಳತೆ ಒಂದೇ.

ಇನ್ನು ಹೊತ್ತಿನ ಲೆಕ್ಕ ಹೇಳಿಬಿಡುತ್ತೇನೆ. ಖಾನಾವಳಿಗೆ ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಹೋಗಿ, ಆಗ ರೊಟ್ಟಿ ಹಂಚಿನಿಂದ ನೇರ ತಟ್ಟೆಗೆ ಬರುತ್ತದೆ. ಎರಡೂವರೆ ಮೇಲೆ ಹೋದರೆ ಗರಿಗರಿಯಾಗಿ ಒಣಗಿದ ಕಟಕ್ ರೊಟ್ಟಿಯೇ ಗತಿ. ಅದೂ ಚೆನ್ನಾಗಿರುತ್ತದೆ, ಮೊಸರು ಹಿಂಡಿಗೆ ಮುರಿದು ಹಾಕಿಕೊಳ್ಳಿ. ತಹರಿಗೆ ಮುಂಜಾನೆ ಬೇಗ ಹೋಗಿ, ಡೇಗು ಖಾಲಿ ಆದರೆ ಆ ದಿನಕ್ಕೆ ಮುಗಿಯಿತು. ಎಳ್ಳ ಅಮಾವಾಸ್ಯೆ ದಿನ ಬಂದರೆ ಖಾನಾವಳಿ ಹುಡುಕಬೇಡಿ. ಡಿಸೆಂಬರ್‌ನಲ್ಲೋ ಜನವರಿಯಲ್ಲೋ ಬರುವ ಹಬ್ಬ ಅದು. ಚರಗ ಚೆಲ್ಲುವುದಕ್ಕೆ, ಅಂದರೆ ಹೊಲದ ತುಂಬಾ ನೈವೇದ್ಯದ ಅಡುಗೆ ಚೆಲ್ಲುವುದಕ್ಕೆ, ಅವತ್ತು ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಪರಿಚಯದವರು ಯಾರಾದರೂ ಕರೆದರೆ ಹೋಗಿ. ಸಜ್ಜಿ ರೊಟ್ಟಿ, ಸೊಪ್ಪು ಕಾಳು ಸೇರಿಸಿ ಮಾಡುವ ಭಜ್ಜಿ ಪಲ್ಯ, ಕಡುಬು ಇರುತ್ತದೆ. ಮಧ್ಯಾಹ್ನದ ಊಟ ಹೊಲದಲ್ಲೇ ಮುಗಿಯುತ್ತದೆ, ರಾತ್ರಿಗೂ ಕಟ್ಟಿ ಕೊಡುತ್ತಾರೆ.