ಅಲೆ ಜನರದ್ದು, ಬೀಗ ಕಂಪನಿಯದ್ದು

ಕೇಳುಗರೇ, ನಮಸ್ಕಾರ.

ನಮ್ಮಲ್ಲಿ ಅಂಗಡಿಗೆ ಹೋಗಿ ಇಷ್ಟವಾದ ಮೊಬೈಲ್ ಕೊಳ್ಳುತ್ತೇವೆ. ಬೇಕಾದ ಕಂಪನಿಯ ಸಿಮ್ ಹಾಕುತ್ತೇವೆ. ಇದು ನಮಗೆ ಮಾಮೂಲು, ಅಲ್ವಾ? ಅಮೆರಿಕದಲ್ಲಿ 2007ರಲ್ಲಿ ಹೀಗಿರಲಿಲ್ಲ. ಅಲ್ಲಿ ಫೋನ್ ಮಾರುವವರೂ ಮೊಬೈಲ್ ಸೇವೆಯ ಕಂಪನಿಗಳೇ. ಅದರಲ್ಲಿ ಯಾವ ಆಪ್ ಇರಬೇಕು, ಯಾವುದು ಬೇಡ ಅಂತ ತೀರ್ಮಾನಿಸುವವರೂ ಜಾಸ್ತಿ ಅವರೇ. ಆ ವರ್ಷ ಬಂದ ಐಫೋನ್ ಕೂಡ ಎಟಿ ಅಂಡ್ ಟಿ ಎಂಬ ಒಂದೇ ಕಂಪನಿಯ ಜಾಲದಲ್ಲಿ ಸಿಗುತ್ತಿತ್ತು.

ಅದೇ ಹೊತ್ತಿಗೆ ಅಲ್ಲಿನ ಟಿವಿ ಪ್ರಸಾರ ಡಿಜಿಟಲ್‌ಗೆ ಬದಲಾಗುತ್ತಿತ್ತು. ಇದರಿಂದ 700 ಮೆಗಾಹರ್ಟ್ಸ್ ಸುತ್ತಲಿನ ತರಂಗಾಂತರ ಖಾಲಿಯಾಗಲಿತ್ತು. ಈ ಅಲೆಗಳು ದೂರ ಹೋಗುತ್ತವೆ, ಗೋಡೆ ದಾಟಿ ಮನೆಯೊಳಗೂ ಬರುತ್ತವೆ. ಮೊಬೈಲ್ ಕಂಪನಿಗಳಿಗೆ ಇದು ಬಂಗಾರ. ಎಫ್‌ಸಿಸಿ, ಅಂದರೆ ಅಲ್ಲಿನ ಸಂಪರ್ಕ ಆಯೋಗ, ಹರಾಜಿಗೆ ತಯಾರಾಯಿತು.

ಆಗ ಗೂಗಲ್ ಒಂದು ಪತ್ರ ಬರೆಯಿತು. ನಾಲ್ಕು ಷರತ್ತು ಹಾಕಿದರೆ ಕನಿಷ್ಠ 460 ಕೋಟಿ ಡಾಲರ್ ಕೂಗುತ್ತೇನೆ ಎಂದಿತು. ಜುಲೈ 31ರಂದು ಆಯೋಗ ಅದರಲ್ಲಿ ಎರಡನ್ನು ಒಪ್ಪಿತು. ಸಿ ಬ್ಲಾಕ್ ಎಂಬ 22 ಮೆಗಾಹರ್ಟ್ಸ್ ಭಾಗವನ್ನು ಕೊಂಡವರು ಗ್ರಾಹಕರು ತಂದ ಯಾವುದೇ ಸರಿಯಾದ ಫೋನನ್ನು ಸೇರಿಸಿಕೊಳ್ಳಬೇಕು. ಗ್ರಾಹಕರು ಹಾಕಿಕೊಳ್ಳುವ ಆಪ್‌ಗಳನ್ನು ತಡೆಯಬಾರದು. ಜಾಲಕ್ಕೆ ಹಾನಿ ಮಾಡುವ ಉಪಕರಣವನ್ನು ಬೇಡ ಅನ್ನುವ ಹಕ್ಕು ಕಂಪನಿಗೆ ಇದ್ದೇ ಇತ್ತು.

ಇಷ್ಟಕ್ಕೇ ಗಲಾಟೆ ಶುರುವಾಯಿತು. ಸೆಪ್ಟೆಂಬರ್‌ನಲ್ಲಿ ಅಲ್ಲಿನ ದೊಡ್ಡ ಮೊಬೈಲ್ ಕಂಪನಿ ವೆರೈಝನ್ ಕೋರ್ಟಿಗೆ ಹೋಯಿತು. ಆಯೋಗಕ್ಕೆ ಈ ಅಧಿಕಾರವೇ ಇಲ್ಲ, ನಿಯಮಕ್ಕೆ ಆಧಾರವಿಲ್ಲ ಎಂದು ವಾದಿಸಿತು. ಅಕ್ಟೋಬರ್‌ನಲ್ಲಿ ಆ ದಾವೆ ವಾಪಸ್ ಪಡೆಯಿತು. ಆದರೆ ಮೊಬೈಲ್ ಕಂಪನಿಗಳ ಸಂಘ ಸಿಟಿಐಎ ತಾನೇ ದಾವೆ ಹೂಡಿತು.

ಹೊರಗಿನ ಫೋನು ಸೇರಿಸಿದರೆ ಜಾಲಕ್ಕೆ ಹಾನಿ ಎಂಬ ಭಯವನ್ನೂ ಕಂಪನಿಗಳು ಮುಂದಿಟ್ಟವು. ಈ ವಾದದ ಹಿಂದೆ ಒಂದು ಹಳೆಯ ಕಥೆ ಇದೆ. ತಂತಿ ಫೋನಿನ ಕಾಲದಲ್ಲಿ ಎಟಿ ಅಂಡ್ ಟಿ ತನ್ನ ಲೈನಿಗೆ ಹೊರಗಿನ ಉಪಕರಣ ಜೋಡಿಸಬಾರದು ಎನ್ನುತ್ತಿತ್ತು. ಟೆಕ್ಸಾಸ್‌ನ ಥಾಮಸ್ ಕಾರ್ಟರ್ ಎಂಬವರು ವೈರ್‌ಲೆಸ್ ಸೆಟ್ಟನ್ನು ಫೋನಿಗೆ ಜೋಡಿಸುವ ಕಾರ್ಟರ್‌ಫೋನ್ ಮಾಡಿದ್ದರು. ಜಾಲ ಹಾಳಾಗುತ್ತದೆ ಎಂದು ಕಂಪನಿ ಅಡ್ಡ ಬಂತು. 1968ರಲ್ಲಿ ಎಫ್‌ಸಿಸಿ, ಜಾಲಕ್ಕೆ ಹಾನಿ ಮಾಡದ ಉಪಕರಣವನ್ನು ತಡೆಯುವಂತಿಲ್ಲ ಎಂದಿತು. ಜಾಲ ಹಾಳಾಗಲಿಲ್ಲ. ಅಂಗಡಿಗೆ ಹೊಸ ಫೋನುಗಳು ಬಂದವು, ಫ್ಯಾಕ್ಸ್ ಬಂತು, ಮನೆಮನೆಗೆ ಮೋಡೆಮ್ ಬಂತು. ಇಂಟರ್‌ನೆಟ್ ಆ ಲೈನುಗಳ ಮೇಲೇ ಮನೆಯೊಳಗೆ ಬಂದದ್ದು. ನಲವತ್ತು ವರ್ಷದ ನಂತರ ಕಂಪನಿಗಳು ಅದೇ ಭಯವನ್ನು ಮತ್ತೆ ಮುಂದಿಟ್ಟಾಗ ನಂಬುವುದು ಹೇಗೆ?

ಷರತ್ತಿದ್ದರೆ ಹರಾಜಿನ ಬೆಲೆ ಇಳಿಯುತ್ತದೆ ಎಂಬ ಅವರ ಇನ್ನೊಂದು ಮಾತಿನಲ್ಲಿ ಸತ್ಯವಿತ್ತು. 2008ರ ಜನವರಿಯಿಂದ ಮಾರ್ಚ್‌ವರೆಗೆ ನಡೆದ ಹರಾಜಿನಲ್ಲಿ ಒಟ್ಟು 1,900 ಕೋಟಿ ಡಾಲರಿಗೂ ಹೆಚ್ಚು ಬಂತು. ಗೂಗಲ್ ಸಿ ಬ್ಲಾಕ್‌ನ ಬೆಲೆಯನ್ನು 460 ಕೋಟಿ ದಾಟಿಸಿತು. ಆ ಗೆರೆ ದಾಟದಿದ್ದರೆ ಷರತ್ತೇ ಬಿದ್ದುಹೋಗುತ್ತಿತ್ತು. ಕೊನೆಗೆ ಸುಮಾರು 474 ಕೋಟಿಗೆ ಅದರ ಬಹುಭಾಗವನ್ನು ಕೊಂಡವರು ಯಾರು? ಕೋರ್ಟಿಗೆ ಹೋಗಿದ್ದ ಅದೇ ವೆರೈಝನ್! ಅದೇ ಹರಾಜಿನಲ್ಲಿದ್ದ, ಷರತ್ತಿಲ್ಲದ ಬಿ ಬ್ಲಾಕ್ ಎಂಬ ಭಾಗಕ್ಕೆ ಹೋಲಿಸಿದರೆ ಇದು ಬಹಳ ಅಗ್ಗ. ಆದರೆ ಅಲೆಗಳು ಜನರ ಆಸ್ತಿ. 1995ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಹಾಗೇ ಹೇಳಿದೆ. ಖಜಾನೆಗೆ ನಾಲ್ಕು ಕಾಸು ಕಡಿಮೆ ಬಂದು, ಜನರಿಗೆ ಆಯ್ಕೆ ಉಳಿದರೆ ಅದು ನಷ್ಟವಲ್ಲ ಅನ್ನುವವನು ನಾನು.

ನಿಯಮ ಬಂದರೂ ಕಾವಲು ಬೇಕಾಯಿತು. ಫೋನಿನ ಇಂಟರ್‌ನೆಟ್ಟನ್ನು ಲ್ಯಾಪ್‌ಟಾಪ್‌ಗೆ ಹಂಚುವ ಆಪ್‌ಗಳನ್ನು ತನ್ನ ಗ್ರಾಹಕರಿಗೆ ಸಿಗದಂತೆ ವೆರೈಝನ್ ಮಾಡಿಸಿದೆ ಎಂದು ಫ್ರೀ ಪ್ರೆಸ್ ಸಂಸ್ಥೆ ದೂರು ಕೊಟ್ಟಿತು. ಆಯೋಗ ತನಿಖೆ ನಡೆಸಿತು. 2012ರಲ್ಲಿ ಕಂಪನಿ 12.5 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು, ಆ ಆಪ್‌ಗಳಿಗೆ ದಾರಿ ಬಿಟ್ಟಿತು.

ಅದೇ ವರ್ಷ ಐಫೋನ್ 5 ಬಂತು. ವೆರೈಝನ್ ಮಾರಿದ ಫೋನಿಗೆ, ಬೇರೆ ಕಂಪನಿಯ ಸಿಮ್ ಹಾಕದಂತೆ ತಡೆಯುವ ಬೀಗವಿರಲಿಲ್ಲ. ಅಲ್ಲಿಂದ ಊರಿಗೆ ಬಂದ ನಮ್ಮವರು ಇಲ್ಲಿನ ಸಿಮ್ ಹಾಕಿಕೊಳ್ಳಬಹುದಿತ್ತು. ಷರತ್ತಿಲ್ಲದ ಬಿ ಬ್ಲಾಕ್‌ನಲ್ಲಿ ದೊಡ್ಡ ಪಾಲು ಕೊಂಡಿದ್ದ ಎಟಿ ಅಂಡ್ ಟಿ ಗ್ರಾಹಕರಿಗೆ ಕರಾರಿನ ಮೇಲೆ ಕೊಟ್ಟ ಐಫೋನ್ 5ಕ್ಕೆ ಬೀಗ ಇದ್ದೇ ಇತ್ತು.

ನಮಸ್ಕಾರ.